ಗೋಧಿಯಿಲ್ಲದ ಬನ್ನು

“ಅಜ್ಜಾ, ಜಪ ಹಿಡಿದೆ, ಮನಸ್ಸು ನಿಲ್ಲಲಿಲ್ಲ. ಉಪವಾಸ ಸೇರಿಸಿದೆ, ಮೌನ ಸೇರಿಸಿದೆ. ಈಗಲೂ ಪುಡಿಪುಡಿಯಾಗಿ ಉದುರುತ್ತದೆ. ಇನ್ನೇನು ಸೇರಿಸಲಿ?” ಎಂದು ಶಿಷ್ಯ ಕೇಳಿದ.

ಗುರುಗಳು ಹಣೆ ಚಚ್ಚಿಕೊಂಡರು. “ಹುಣ್ಣಿಮೆಯಿಂದೀಚೆಗೆ ಇದನ್ನೇ ನಾಲ್ಕನೆಯ ಸಲ ಕೇಳುತ್ತಿದ್ದೀಯೆ. ಕೂತುಕೋ. ನಡುವೆ ಬಾಯಿ ಹಾಕಿದರೆ ಎದ್ದು ಹೋಗುತ್ತೇನೆ” ಎಂದು ಹೇಳತೊಡಗಿದರು.

ಒಬ್ಬ ಬೇಕರಿಯವನಿದ್ದ. ಅವನ ಮನೆಯಲ್ಲಿ ಒಂದು ಪದ್ಧತಿ. ಭಟ್ಟಿಯಿಂದ ತೆಗೆದ ಮೊದಲ ಬನ್ನನ್ನು ಹೆಂಡತಿ ಮುರಿದು ಬಾಯಿಗೆ ಹಾಕಿಕೊಂಡು ‘ಆತು’ ಎನ್ನಬೇಕು. ಆಮೇಲೆಯೇ ಅಂಗಡಿಯ ಬಾಗಿಲು ತೆಗೆಯುವುದು. ಹತ್ತೊಂಬತ್ತು ವರ್ಷ ಹೀಗೇ ನಡೆಯಿತು. ಮುಂದಿನ ವರ್ಷ ಅವಳು ಹೊಟ್ಟೆನೋವಿನಿಂದ ಬಡವಾಗಿ ಕಡ್ಡಿಯಾದಳು. ಗೋಧಿ ಇವಳ ಮೈಗೆ ವಿಷ, ಒಂದು ಚೂರೂ ಕೂಡದು ಎಂದರು ವೈದ್ಯರು. ಮರುದಿನದಿಂದ ಮೊದಲ ಬನ್ನು ತಟ್ಟೆಯಲ್ಲೇ ಆರಿತು. ಅವಳು ಭಟ್ಟಿಯ ಹತ್ತಿರ ಬರುವುದನ್ನೇ ಬಿಟ್ಟಳು. ಅವನಿಗೆ ತಡೆಯಲಾಗಲಿಲ್ಲ. ಅವಳು ತಿನ್ನುವಂಥ ಬನ್ನು ಮಾಡಿಯೇ ತೀರುತ್ತೇನೆ ಎಂದ.

ಜೋಳದ ಹಿಟ್ಟು ತಂದ. ಗೋಧಿಗಿರುವ ಅಂಟು ಜೋಳಕ್ಕಿಲ್ಲ. ಬನ್ನು ಮುಟ್ಟಿದರೆ ಮರಳಾಯಿತು. ಆಗ ಈ ಮಹಾಶಯ ಒಂದು ಗಳಿಗೆ ಕೂತು ಯೋಚಿಸಬೇಕಿತ್ತು. ಊರೆಲ್ಲ ಕೇಳುತ್ತ ಹೊರಟ. ಗಾಣದವನು ಅಗಸೆ ಪುಡಿ ಹಾಕು ಎಂದ. ಹಾಕಿದ, ಉದುರಿತು. ಔಷಧಿಯಂಗಡಿಯವನು ನೀರಿಗೆ ಬಿದ್ದರೆ ಲೋಳೆಯಾಗುವ ಇಸಬಗೋಲು ಎಂದ. ಅಗಸೆಯ ಜೊತೆಗೇ ಅದನ್ನೂ ಹಾಕಿದ. ಕೋಳಿ ಸಾಕುವವಳು ಮೊಟ್ಟೆ ಎಂದಳು. ತೋಟದವನು ಬಾಳೆಹಣ್ಣು ಎಂದ, ಬೆಂಡೆಕಾಯಿಯ ಲೋಳೆಯೂ ಆದೀತು ಎಂದ. ಎಲ್ಲರೂ ತಮ್ಮಲ್ಲಿದ್ದುದನ್ನೇ ಹೇಳಿದರು. ಈತ ಹೇಳಿದ್ದನ್ನೆಲ್ಲ ಸುರಿದ.

ಸುರಿದು ನಾದಿದ. ಗೋಧಿ ನಾದಿದಷ್ಟೂ ಬಿಗಿಯಾಗುತ್ತದೆ. ಅವನ ಕೈಗೆ ಅದೊಂದೇ ಗೊತ್ತು. ಬೆವರಿಳಿಯುವ ತನಕ ನಾದಿ, ಆ ಕ್ಷಣವೇ ಭಟ್ಟಿಗೆ ತಳ್ಳುತ್ತಿದ್ದ. ಒಂದು ದಿನ ರಬ್ಬರು, ಒಂದು ದಿನ ಕಲ್ಲು. ಅದನ್ನು ಹೆಂಡತಿಯ ಮುಂದಿಟ್ಟು ಆಸೆಯಿಂದ ಮುಖ ನೋಡುತ್ತಿದ್ದ. ಪಾಪ, ಅವಳು ತಿನ್ನುತ್ತಿದ್ದಳು.

ಇಪ್ಪತ್ತೊಂದನೆಯ ದಿನ ಅವಳು ತಟ್ಟೆ ತಳ್ಳಿದಳು. “ಇಪ್ಪತ್ತ ದಿನ ನಿಮ್ಮ ಮಾರಿ ನೋಡಿ ನುಂಗೀನಿ. ಇನ್ನ ಆಗೂದಿಲ್ರೀ. ನನ್ನ ತವರಮನ್ಯಾಗ ದಿನಾ ಜ್ವಾಳದ ರೊಟ್ಟಿ ಬಡೀತಾರ. ಊರಿಗೆಲ್ಲಾ ಕೇಳಿದ್ರಿ, ನನಗ ಒಂದ ಮಾತ ಕೇಳಿದ್ರೇನು?”

ಹಿತ್ತಲ ಗಿಡ ಮದ್ದಲ್ಲ ನೋಡು. ಅವನು ತಲೆ ಕೆರೆದುಕೊಂಡು, “ಹಂಗಾರ ಏನ ಹಾಕ್ಲಿ?” ಎಂದ.

“ಹಾಕೂದು ಸಾಕ ಮಾಡ್ರಿ!” ಎಂದಳು.

ಡಬ್ಬಿಗಳನ್ನೆಲ್ಲ ಎತ್ತಿಟ್ಟು ಇಸಬಗೋಲು ಒಂದನ್ನೇ ಉಳಿಸಿಕೊಂಡಳು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎನ್ನುವುದು ಇದಕ್ಕೇ. ಅದನ್ನು ನೀರಿನಲ್ಲಿ ನೆನೆಯಲು ಬಿಟ್ಟಳು. ಹಿಟ್ಟಿಗೆ ಕುದಿಯುವ ಎಸರು ಹೊಯ್ದಳು. ಎರಡನ್ನೂ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಪಕ್ಕದಲ್ಲಿ ಕೂತಳು. ಅವನಿಗೆ ತಾಳ್ಮೆಯೆಲ್ಲಿ? ಹಿಡಿಯಿತೇ, ಇನ್ನೊಂದು ಚಿಟಿಕೆ ಬೇಕೇ ಎಂದು ಬಟ್ಟೆ ಎತ್ತಲು ಬಂದಾಗಲೆಲ್ಲ ಅವಳು ಕೈ ಮೇಲೆ ಹೊಡೆದಳು. ಹೊಡೆಯಲೇಬೇಕಾಗಿತ್ತು.

ತಾಸು ಕಳೆಯಿತು. ಹಿಟ್ಟು ತಾನಾಗಿ ಒಂದು ಮುದ್ದೆಯಾಗಿತ್ತು. ಬೇಯಿಸಿದ ಬನ್ನನ್ನು ಅವಳು ಭಟ್ಟಿಯ ಎದುರೇ ಮುರಿದಳು. ಎರಡೇ ತುಂಡಾಯಿತು, ಪುಡಿ ಬೀಳಲಿಲ್ಲ. ಬಾಯಿಗೆ ಹಾಕಿಕೊಂಡಳು. “ಆತು” ಎಂದಳು. ಅವನು ಅಂಗಡಿಯ ಬಾಗಿಲು ತೆಗೆಯಲು ಹೋದವನು ಚಿಲಕ ಹಿಡಿದು ನಿಂತು ಅತ್ತುಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಅರೆಕ್ಷಣವೂ ಸುಮ್ಮನಿರಲಿಲ್ಲ. “ತಿಳಿಯಿತು ಅಜ್ಜಾ, ಒಂದನ್ನೇ ಇಟ್ಟುಕೊಳ್ಳುತ್ತೇನೆ. ಆದರೆ ಮೊದಲು ಒಂದು ದಿನ ಬರೀ ಜಪ ಮಾಡಿ ನೋಡಿದ್ದೆ, ಹಿಡಿಯಲಿಲ್ಲ. ಅದರ ಬದಲು ಮೌನ ಇಟ್ಟುಕೊಳ್ಳಲೇ?”

ಗುರುಗಳು ಎದ್ದು ನಿಂತರು.

“ನೋಡು, ಮತ್ತೆ ಬಟ್ಟೆ ಎತ್ತಿದೆ.”