ಸುಮ್ಮನೆ ನಡೆದವರ ದಾರಿ

“ಗುರುಗಳೇ, ದಿನವೂ ಮಠಕ್ಕೆ ಬಂದು, ಏನೂ ಕೇಳದೆ, ಏನೂ ಕಲಿಯದೆ, ಸ್ವಲ್ಪ ಹೊತ್ತು ಕೂತು ಎದ್ದು ಹೋಗುವವರನ್ನು ಬಾಗಿಲಲ್ಲೇ ತಡೆದರೆ ತಪ್ಪೇನು?”

ಕೇಳಿದವನು ಅಮರೇಶ. ಮಠದ ಬಾಗಿಲು ನೋಡಿಕೊಳ್ಳುವ ಕೆಲಸ ಅವನದು. ಪಾಠದ ನಡುವೆ ಒಳಗೆ ಬರುವವರು, ಕಂಬಕ್ಕೊರಗಿ ಕಣ್ಣು ಮುಚ್ಚುವವರು, ಹೇಳದೆ ಎದ್ದು ಹೋಗುವವರು ಅವನಿಗೆ ಸಾಕಾಗಿ ಹೋಗಿದ್ದರು. “ಪ್ರಶ್ನೆ ಇದ್ದವರಷ್ಟೇ ಬರಲಿ. ತಮಗೂ ಬಿಡುವು ಸಿಗುತ್ತದೆ, ನಮ್ಮ ಪಾಠವೂ ಸಾಗುತ್ತದೆ” ಎಂದ.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಹೊಳೆ. ಹೊಳೆಯ ದಂಡೆಯಲ್ಲಿ ಎರಡು ಊರು. ನಡುವೆ ಕಾಡು. ಒಂದು ಊರಿನಿಂದ ಇನ್ನೊಂದಕ್ಕೆ ಹೋಗಲು ಹೊಳೆಯ ಬದಿಯಲ್ಲೇ ಕಾಡಿನೊಳಗೆ ಒಂದು ಕಾಲುದಾರಿ ಇತ್ತು. ಏರಿಲ್ಲ, ಇಳಿವಿಲ್ಲ. ಮುದುಕರೂ ನಡೆಯಬಹುದಾದ ದಾರಿ. ಮುಕ್ಕಾಲು ಗಂಟೆಯಲ್ಲಿ ಆಚೆಯ ಊರು. ಗುಡ್ಡ ಸುತ್ತಿ ಹೋಗುವ ಗಾಡಿ ರಸ್ತೆಯೂ ಇತ್ತು. ಅದರಲ್ಲಿ ಹೋದರೆ ಎರಡೂವರೆ ಗಂಟೆ.

ಕಾಲುದಾರಿ ಶುರುವಾಗುವಲ್ಲಿ ಒಬ್ಬ ರೈತನ ಹೊಲವಿತ್ತು. ಅವನು ಕಷ್ಟಪಟ್ಟು ದುಡಿಯುವವನು. ಯಾರಿಗೂ ಮೋಸ ಮಾಡಿದವನಲ್ಲ. ಸಂಜೆಯಾದರೆ ಊರಿನ ಕೆಲವರು ಅವನ ಹೊಲದ ಬದುವಿನ ಮೇಲೆ ಹಾದು ಹೊಳೆಯ ಕಡೆ ಹೋಗುತ್ತಿದ್ದರು. ನೇಕಾರ ರಾಚಪ್ಪ ಒಬ್ಬ. ಇಬ್ಬರು ಮೂವರು ಹೆಂಗಸರು. ಹೊಸದಾಗಿ ಮದುವೆಯಾದವರು. ಹೆಂಡತಿ ಸತ್ತ ಒಬ್ಬ ಗಾಣಿಗ. ಎಲ್ಲಿಗೆ ಎಂದು ಕೇಳಿದರೆ, “ಎಲ್ಲಿಗೂ ಇಲ್ಲ, ಸುಮ್ಮನೆ” ಎನ್ನುತ್ತಿದ್ದರು. ಒಂದಿಷ್ಟು ದೂರ ನಡೆದು, ನೀರಿನ ಪಕ್ಕ ಕೂತು, ಹಿಂದಿರುಗುತ್ತಿದ್ದರು.

ಬೆವರು ಸುರಿಸಿ ಕಳೆ ಕೀಳುತ್ತಿದ್ದ ರೈತನಿಗೆ ಆ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಒಂದು ವರ್ಷ ಯಾರೋ ಬದುವಿನಿಂದ ಜಾರಿ ಎಳ್ಳಿನ ಸಾಲಿನ ಮೇಲೆ ಕಾಲಿಟ್ಟರು. ಅಷ್ಟೇ ನೆಪವಾಯಿತು. ಅವನು ಹೊಲದ ಅಂಚಿಗೆ ಬೇಲಿ ಹಾಕಿ, ದಾರಿಯ ಬಾಯಿಗೆ ಬಿದಿರಿನ ತಡಿಕೆ ನಿಲ್ಲಿಸಿದ.

ಎಲ್ಲರನ್ನೂ ತಡೆಯಲಿಲ್ಲ. ತಾನು ನ್ಯಾಯವಂತ ಎಂದೇ ಅವನು ತಿಳಿದಿದ್ದ. ಆಚೆಯ ಊರಿಗೆ ಕಾಗದ ಒಯ್ಯುವವನಿಗೆ, ತರಕಾರಿ ಮಾರುವವಳಿಗೆ, ಹೆಣ್ಣು ನೋಡಲು ಹೊರಟವರಿಗೆ ತಾನೇ ಎದ್ದು ತಡಿಕೆ ತೆಗೆದುಕೊಡುತ್ತಿದ್ದ. ಕೆಲಸವಿಲ್ಲದವರನ್ನು ಮಾತ್ರ ಹಿಂದಕ್ಕೆ ಕಳಿಸುತ್ತಿದ್ದ.

ಮೊದಲ ದಿನ ನೇಕಾರ ರಾಚಪ್ಪ ಬಂದ.

“ಏನು ಕೆಲಸ?” ಎಂದು ರೈತ ಕೇಳಿದ.

“ಬೆಳಗಿನಿಂದ ಮಗ್ಗ ನೋಡಿ ಕಣ್ಣು ಸೋತಿವೆ. ಸ್ವಲ್ಪ ನೀರು ನೋಡಿ ಬರೋಣ ಅಂತ.”

“ಅದು ಕೆಲಸ ಅಲ್ಲ.”

“ಅಲ್ಲ, ನೀನು ಹೇಳೋದು ಸರಿ” ಎಂದು ನೇಕಾರ ಹಿಂದಿರುಗಿದ. ಮತ್ತೆ ಬರಲಿಲ್ಲ. ಉಳಿದವರೂ ಬರಲಿಲ್ಲ.

ಕೆಲಸವಿದ್ದವನು ದಾರಿಯಲ್ಲಿ ಬಿದ್ದ ಮುಳ್ಳನ್ನು ದಾಟಿ ಹೋಗುತ್ತಾನೆ. ಸುಮ್ಮನೆ ಬಂದವನು ಬಗ್ಗಿ, ತೆಗೆದು ಪಕ್ಕಕ್ಕೆ ಹಾಕುತ್ತಾನೆ. ಅವನಿಗೆ ಸಮಯವಿರುತ್ತದೆ. ನೇಕಾರನ ಊರುಗೋಲು ದಿನವೂ ನಾಲ್ಕು ಬಳ್ಳಿಗಳನ್ನು ಸರಿಸುತ್ತಿತ್ತು. ಮಳೆಗೆ ಕೊರಕಲು ಬಿದ್ದಲ್ಲಿ ಗಾಣಿಗ ಒಂದು ಕಲ್ಲು ಉರುಳಿಸಿ ಇಡುತ್ತಿದ್ದ. ಇದನ್ನು ಅವರೂ ಕೆಲಸವೆಂದು ತಿಳಿದಿರಲಿಲ್ಲ, ನೋಡಿದವರೂ ತಿಳಿದಿರಲಿಲ್ಲ.

ಒಂದು ಮಳೆಗಾಲ ಕಳೆಯಿತು. ದಾರಿಗೆ ಅಡ್ಡಲಾಗಿ ಬಿದಿರು ಮೆಳೆ ಬಿತ್ತು. ತರಕಾರಿಯವಳು ಗಾಡಿ ರಸ್ತೆ ಹಿಡಿದಳು. ಇನ್ನೊಂದು ಮಳೆಗಾಲ ಕಳೆಯಿತು. ಕಾಗದ ಒಯ್ಯುವವನೂ ಆ ದಾರಿ ಬಿಟ್ಟ. ದಾರಿ ಮುಚ್ಚಿಹೋದದ್ದು ರೈತನಿಗೆ ತಿಳಿಯಲಿಲ್ಲ. ತಡಿಕೆಯ ಆಚೆ ಅವನು ಹೋಗುತ್ತಿರಲಿಲ್ಲ. ಅಲ್ಲಿ ಅವನಿಗೆ ಕೆಲಸವಿರಲಿಲ್ಲ. ಯಾರೂ ಬಾರದ್ದನ್ನು ನೋಡಿ ನೆಮ್ಮದಿಯಾಯಿತು ಎಂದುಕೊಂಡ.

ಮೂರನೆಯ ವರ್ಷ ಆಷಾಢದಲ್ಲಿ ಅವನ ಮಗಳು ಚೆನ್ನಾಜಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಒಂದು ದಿನ ನಡುಮಧ್ಯಾಹ್ನ ನೋವು ಶುರುವಾಯಿತು. ಮನೆಯ ಹೆಂಗಸರು ತಮಗೆ ತಿಳಿದದ್ದೆಲ್ಲ ಮಾಡಿದರು. ರೈತನ ಹೆಂಡತಿ ಹೊರಗೆ ಬಂದು, “ಮಗು ಅಡ್ಡ ತಿರುಗಿದೆ. ನಮ್ಮ ಕೈಲಿ ಆಗಲ್ಲ. ಮಾಳವ್ವನ್ನ ಕರ್ಕೊಂಡು ಬಾ” ಎಂದಳು. ಮಾಳವ್ವ ಸೂಲಗಿತ್ತಿ. ಅವಳಿದ್ದದ್ದು ಆಚೆಯ ಊರಿನಲ್ಲಿ.

ಹೊಳೆಯ ದಾರಿ ಹತ್ತಿರ ಎಂದು ರೈತ ತಡಿಕೆ ಕಿತ್ತೆಸೆದು ಓಡಿದ. ನೂರು ಮಾರು ಹೋಗುವಷ್ಟರಲ್ಲಿ ದಾರಿ ಮುಗಿಯಿತು. ಮುಂದೆ ಬರೀ ಮುಳ್ಳು, ಬಳ್ಳಿ, ಬಿದ್ದ ಮರ. ಕೈಯಿಂದಲೇ ಸರಿಸುತ್ತ ನುಗ್ಗಿದ. ಹೊಳೆ ತುಂಬಿ ಒಂದು ಕಡೆ ದಂಡೆಯೇ ಕುಸಿದಿತ್ತು. ಅದನ್ನು ಬಳಸಲು ಕಾಡಿನೊಳಗೆ ತಿರುಗಿದ. ಹುಟ್ಟಿದಂದಿನಿಂದ ಕಂಡ ಕಾಡಿನಲ್ಲಿ ಅವನಿಗೆ ದಿಕ್ಕು ತಪ್ಪಿತು. ಬಹಳ ಹೊತ್ತಾದ ಮೇಲೆ ಹೊರಗೆ ಬಂದು ನೋಡಿದರೆ ಕಂಡದ್ದು ತನ್ನದೇ ಹೊಲ. ಅಲ್ಲಿಂದ ಗಾಡಿ ಕಟ್ಟಿಕೊಂಡು ಗುಡ್ಡ ಸುತ್ತಿ ಹೊರಟ. ರಸ್ತೆಯಲ್ಲಿ ಕೆಸರು.

ಮಾಳವ್ವ ಗಾಡಿ ಹತ್ತುತ್ತ, “ನೋವು ಯಾವಾಗಿಂದ?” ಎಂದಳು.

“ಮಧ್ಯಾಹ್ನದಿಂದ.”

“ಮಧ್ಯಾಹ್ನದಿಂದ ಇಲ್ಲಿಗೆ ಬರೋಕೆ ಇಷ್ಟು ಹೊತ್ತು ಬೇಕಾಯ್ತಾ?”

ರೈತ ಎತ್ತುಗಳನ್ನು ಹೊಡೆದ. ಹಗ್ಗ ಹಿಡಿದ ಅವನ ಕೈಗಳಿಂದ ರಕ್ತ ಇಳಿಯುತ್ತಿತ್ತು. ಮಾಳವ್ವ ಅದನ್ನು ನೋಡಿ ಮತ್ತೆ ಕೇಳಲಿಲ್ಲ.

ತಾಯಿ ಉಳಿದಳು. ಮಗು ಉಳಿಯಲಿಲ್ಲ. ಗಂಡು ಮಗು.

ಚೆನ್ನಾಜಿ ಅಳಲಿಲ್ಲ. ಯಾರೊಡನೆಯೂ ಮಾತಾಡಲಿಲ್ಲ. ಉಣ್ಣು ಎಂದರೆ ಉಂಡಳು, ಮಲಗು ಎಂದರೆ ಮಲಗಿದಳು. ಗಂಡ ಬಂದು ಕರೆದ. ಗೋಡೆಯ ಕಡೆ ತಿರುಗಿಕೊಂಡಳು.

ರೈತನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಮಳೆ ಬಿಟ್ಟ ಮೇಲೆ ಅವನು ಕತ್ತಿ, ಕೊಡಲಿ ಹಿಡಿದು ಕಾಡಿಗೆ ಹೋದ. ಹದಿನೇಳು ದಿನ ಒಬ್ಬನೇ ಕಡಿದ. ಕುಸಿದ ದಂಡೆಗೆ ಕಲ್ಲು ಹೊತ್ತು ಹಾಕಿದ. ಎರಡು ಊರಿನ ನಡುವೆ ದಾರಿ ತೆರೆದುಕೊಂಡಿತು. ಮನೆಮನೆಗೆ ಹೋಗಿ, “ದಾರಿ ಆಗಿದೆ, ಬನ್ನಿ” ಎಂದ. ಜನ ತಲೆಯಾಡಿಸಿದರು. ಬರಲಿಲ್ಲ. ಆ ಮೂರು ವರ್ಷದಲ್ಲಿ ಅವರ ಕಾಲು ಬೇರೆ ಕಡೆ ತಿರುಗಿದ್ದವು. ಕಡಿದ ಬುಡಗಳಲ್ಲಿ ಆಗಲೇ ಚಿಗುರು ಕಾಣಿಸಿಕೊಂಡಿತು.

ಅವನು ರಾಚಪ್ಪನ ಮನೆಗೆ ಹೋಗಿ ಹೊಸ್ತಿಲ ಹೊರಗೇ ನಿಂತ. “ನಾನು ತಪ್ಪು ಮಾಡಿದೆ. ನೀನಾದರೂ ಬಾ” ಎಂದ.

ನೇಕಾರನಿಗೆ ಆ ಹೊತ್ತಿಗೆ ಕಣ್ಣು ಮಂಜಾಗಿತ್ತು. ಅವನು ಸ್ವಲ್ಪ ಯೋಚಿಸಿ, “ಬರ್ತೀನಿ. ಆದರೆ ನನ್ನ ಕಳಿಸಿ ನೀನು ಹೊಲದಲ್ಲಿ ನಿಲ್ಲೋದಾದ್ರೆ ಬೇಡ. ನೀನೂ ಜೊತೆಗೆ ನಡೀಬೇಕು” ಎಂದ.

ಹೀಗೆ ರೈತ ನಡೆಯಲು ಶುರುಮಾಡಿದ. ನಡೆಯುವುದು ಸುಲಭ. ಕೆಲಸವಿಲ್ಲದೆ ನಡೆಯುವುದು ಅವನಿಗೆ ಸುಲಭವಾಗಲಿಲ್ಲ. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಬೇಗ ಬೇಗ ಹೆಜ್ಜೆ ಹಾಕಿ ಮುಂದೆ ಹೋಗಿಬಿಡುತ್ತಿದ್ದ. ನೇಕಾರ ಹಿಂದಿನಿಂದ, “ನಿಧಾನ, ಯಾರೂ ಕಾಯ್ತಿಲ್ಲ” ಎನ್ನುತ್ತಿದ್ದ. ದಿನಗಳು ಹೋದಂತೆ ಅವನ ನಡಿಗೆ ನೇಕಾರನ ನಡಿಗೆಗೆ ಇಳಿಯಿತು. ಗಾಣಿಗ ಬಂದು ಸೇರಿಕೊಂಡ. ಆಮೇಲೆ ಒಬ್ಬೊಬ್ಬರಾಗಿ ಉಳಿದವರು.

ಕಾರ್ತಿಕ ಮಾಸದ ಒಂದು ಸಂಜೆ ರೈತ ಹೊರಟಾಗ ಚೆನ್ನಾಜಿ ಗೋಡೆಯ ಕಡೆಯಿಂದ ಎದ್ದು ಬಂದು ಹಿಂದೆ ನಿಂತಳು. ಯಾರೂ ಕರೆದಿರಲಿಲ್ಲ. ಎಲ್ಲರ ಹಿಂದೆ ನಡೆದಳು. ನೇರಳೆ ಮರಗಳ ಹತ್ತಿರ ನೀರು ನಿಧಾನವಾಗಿ ಹರಿಯುವ ಜಾಗವಿತ್ತು. ಅಲ್ಲಿ ಕುಳಿತಳು. ಉಳಿದವರೂ ಸ್ವಲ್ಪ ದೂರದಲ್ಲಿ ಕುಳಿತರು. ಏನಮ್ಮ ಎಂದು ಯಾರೂ ಕೇಳಲಿಲ್ಲ. ಬಹಳ ಹೊತ್ತು ನೀರು ನೋಡಿದ ಮೇಲೆ ಅವಳು ಅತ್ತಳು. ನಾಲ್ಕು ತಿಂಗಳಲ್ಲಿ ಅದೇ ಮೊದಲು. ಅತ್ತು ಮುಗಿಯುವ ತನಕ ಎಲ್ಲರೂ ಅಲ್ಲೇ ಕುಳಿತಿದ್ದು, ಅವಳೊಡನೆ ಎದ್ದು ಮನೆಗೆ ಬಂದರು. ಆ ರಾತ್ರಿ ಅವಳು ತಾನಾಗಿಯೇ ತಟ್ಟೆ ಹಾಕಿಕೊಂಡು, “ಅಪ್ಪಾ, ಊಟಕ್ಕೆ ಬಾ” ಎಂದು ಕರೆದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಅಮರೇಶನ ಮನಸ್ಸು ಇನ್ನೂ ಒಪ್ಪಿರಲಿಲ್ಲ. “ಗುರುಗಳೇ, ಅದು ಕಾಡಿನ ದಾರಿಯ ಮಾತಾಯಿತು. ಇದು ಮಠ. ಇಲ್ಲಿಗೆ ಬರುವವನಿಗೆ ಒಂದು ಪ್ರಶ್ನೆಯಾದರೂ ಇರಬೇಡವೇ?” ಎಂದ.

ಗುರುಗಳು ಅವನ ಮುಖ ನೋಡಿ ಕೇಳಿದರು: “ಹನ್ನೊಂದು ವರ್ಷದ ಹಿಂದೆ ನೀನು ಮೊದಲ ಸಲ ಈ ಬಾಗಿಲು ದಾಟಿ ಬಂದೆಯಲ್ಲ, ಅಂದು ನಿನ್ನ ಪ್ರಶ್ನೆ ಯಾವುದಿತ್ತು?”