ಮೂರು ಚಾಕು, ಎರಡು ಕಡ್ಡಿ

ವರದಾ ನದಿಯ ದಂಡೆಯ ಮೇಲೆ ಒಂದು ಚಿಕ್ಕ ಆಶ್ರಮ. ಅಲ್ಲಿನ ಗುರುಗಳು ನಿರ್ವಾಣಯ್ಯನವರು. ಸುತ್ತಲಿನ ಜನ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಶಿಷ್ಯ ಹಾಲೇಶನಿಗೆ ನಲವತ್ತು ದಾಟಿತ್ತು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ ಬಿಟ್ಟು ಬಂದವನು. ಗುರುಗಳ ಮುಂದೆ ಕೂತು ಪಾಠ ಕೇಳಲು ಶುರುಮಾಡಿ ಎರಡು ವರ್ಷವಾಗಿತ್ತು.

ಒಂದು ಬೆಳಗ್ಗೆ ಅವನು ಗಂಟು ಕಟ್ಟಿಕೊಂಡು ಬಂದು ನಿಂತ.

"ನಾ ಊರಿಗೆ ಹೊಂಟೀನ್ರಿ ಅಜ್ಜಾರ."

"ಯಾಕ?"

"ನೀವು ಹೇಳೂದು ಒಂದೂ ತಲಿಗೆ ಹತ್ತವಲ್ದು. ಮೊದಲ ವರ್ಷ ಅರ್ಧನಾದ್ರೂ ತಿಳೀತಿತ್ತು. ಈಗ ಅದೂ ಇಲ್ಲ. ನನ್ನ ಬುದ್ಧಿ ಮೊಂಡ ಐತಿ."

"ಮೊಂಡ ಆದದ್ದನ್ನ ಮಸೀಬೇಕು. ಬಿಟ್ಟು ಓಡಬಾರದು."

ಗುರುಗಳು ತಮ್ಮ ಜೋಳಿಗೆಯಿಂದ ಒಂದು ಮಡಚುವ ಚಾಕು ತೆಗೆದರು. ಗೋಡೆಯ ಗೂಡಿನಲ್ಲಿದ್ದ ಒಂದು ಮರದ ತುಂಡನ್ನೂ ಇಳಿಸಿ ಅವನ ಮುಂದೆ ಇಟ್ಟರು. ಅದರ ಮೇಲೆ ಗೇಣುದ್ದದ ಎರಡು ಪಿಂಗಾಣಿ ಕಡ್ಡಿಗಳು, ಒಂದು ಎಡಕ್ಕೆ ಒಂದು ಬಲಕ್ಕೆ ವಾಲಿಕೊಂಡು ನಿಂತಿದ್ದವು. ಚಾಕು ಮಸೆಯಲೆಂದು ಎಷ್ಟೋ ವರ್ಷದ ಹಿಂದೆ ಭಕ್ತರೊಬ್ಬರು ತಂದುಕೊಟ್ಟದ್ದು.

"ಈ ಚಾಕು ಹರಿತ ಮಾಡು. ಆಮ್ಯಾಲೆ ಹೋಗು."

"ಹೆಂಗ ಮಾಡಬೇಕ್ರಿ?"

"ಕಡ್ಡಿ ವಾರೆ ಅದಾವ. ನೀ ಚಾಕು ನೆಟ್ಟಗ ಹಿಡಿ. ಮ್ಯಾಲಿಂದ ಕೆಳಗ ಎಳಿ. ಒಮ್ಮೆ ಈ ಕಡ್ಡಿಗೆ, ಒಮ್ಮೆ ಆ ಕಡ್ಡಿಗೆ. ಒತ್ತಬ್ಯಾಡ."

ಹಾಲೇಶ ಗಂಟು ಬದಿಗಿಟ್ಟು ಕೂತ. ಆ ಕಡೆ ಇಪ್ಪತ್ತು, ಈ ಕಡೆ ಇಪ್ಪತ್ತು ಎಳೆದ. ಒಂದು ಟೊಮ್ಯಾಟೊ ಹಣ್ಣಿನ ಮೇಲೆ ಚಾಕು ಇಟ್ಟು ನೋಡಿದ. ಸಿಪ್ಪೆ ಒಳಕ್ಕೆ ತಗ್ಗಿತು, ಕೊಯ್ಯಲಿಲ್ಲ.

ಇನ್ನೂ ನಲವತ್ತು ಎಳೆದ. ಕೊಯ್ಯಲಿಲ್ಲ.

ಸಿಟ್ಟು ಬಂದು ಒತ್ತಿ ಎಳೆದ. ಚಾಕು ಜಾರಿ ಹೆಬ್ಬೆರಳು ಗೀರಿತು.

"ಟೊಮ್ಯಾಟೊ ಕೊಯ್ಯವಲ್ದು, ನನ್ನ ಬೆರಳು ಕೊಯ್ತು ನೋಡ್ರಿ."

"ಒತ್ತಬ್ಯಾಡ ಅಂದಿದ್ದೆ."

"ಒತ್ತಿದ್ರೂ ಆಗವಲ್ದು, ಬಿಟ್ರೂ ಆಗವಲ್ದು. ಏನ್ ಮಾಡ್ಲಿ?"

"ಆ ಚಾಕೂನ ಉಕ್ಕು ಸರಿ ಇರ್ಲಿಕ್ಕಿಲ್ಲ. ಬ್ಯಾರೇದು ತಗೊಂಡು ನೋಡು."

ಹಾಲೇಶ ಅಡುಗೆಮನೆಯ ಚಾಕು ತಂದ. ಅದೂ ಹಾಗೇ. ಬಾಳೆಎಲೆ ಕೊಯ್ಯುವ ಚಾಕು ತಂದ. ಅದೂ ಹಾಗೇ.

"ನಿನ್ನ ಕೈ ಸರಿ ಇಲ್ಲ. ತಾ ಇಲ್ಲಿ" ಎಂದರು ಗುರುಗಳು.

ಅವರ ಮಣಿಕಟ್ಟು ಅಲುಗಲಿಲ್ಲ. ಚಾಕು ದೀಪದ ಕುಡಿಯಂತೆ ನೆಟ್ಟಗಿತ್ತು. ಒಂದೇ ಹದದಲ್ಲಿ ಮೂವತ್ತು ಸಲ ಎಳೆದು ಹಣ್ಣಿನ ಮೇಲೆ ಇಟ್ಟರು.

ಹಣ್ಣು ಅಪ್ಪಚ್ಚಿಯಾಯಿತು.

ಗುರುಗಳು ಶಿಷ್ಯನ ಮುಖ ನೋಡಿದರು. ಶಿಷ್ಯ ಗುರುಗಳ ಮುಖ ನೋಡಿದ. ತಪ್ಪು ತನ್ನ ಕೈಯದೆಂದು ನಂಬಿದ್ದ ಹಾಲೇಶನಿಗೆ ಈಗ ಏನನ್ನು ನಂಬಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ಅಡುಗೆಯ ಸಾವಂತ್ರವ್ವ ತನ್ನ ಚಾಕು ಹುಡುಕಿಕೊಂಡು ಬಂದಳು.

"ಬದನಿಕಾಯಿ ಹೆಚ್ಚಬೇಕ್ರಿ, ನನ್ನ ಚಾಕು ಕೊಡ್ರಿ. ಯವ್ವಾ, ಈ ಕಡ್ಡಿ ಯಾಕ ಹಿಂಗ ಕರ್ರಗದಾವ?"

"ಮೊದಲಿಂದ ಹಂಗ ಅದಾವ" ಎಂದ ಹಾಲೇಶ.

"ಇಲ್ಲ. ಬೆಳ್ಳಗಿದ್ದವು" ಎಂದರು ಗುರುಗಳು, ನಿಧಾನವಾಗಿ.

"ತೊಳದು ಎಷ್ಟ್ ದಿನ ಆತ್ರಿ?"

ಗುರುಗಳು ಕಡ್ಡಿಯ ಮೇಲೆ ಬೆರಳಾಡಿಸಿ ನೋಡಿದರು.

ಸಾವಂತ್ರವ್ವ ಕಡ್ಡಿಗಳನ್ನು ಕಿತ್ತು ನಳದ ಕೆಳಗೆ ಒಯ್ದಳು. ಬೂದಿ ಹಾಕಿ ತೆಂಗಿನ ನಾರಿನಿಂದ ಗಸಗಸ ತಿಕ್ಕಿದಳು. ಕಪ್ಪು ನೀರು ಹರಿಯಿತು.

"ನಮ್ಮ ಮನಿ ಸಾಣೆಕಲ್ಲೂ ಹಿಂಗ ಆಕ್ಕಿತ್ತು. ಚಾಕೂನಿಂದ ಸವದ ಕಬ್ಬಿಣ ಎಲ್ಲಾ ಇದರಾಗ ತುಂಬಿಕೊಂಡೈತಿ. ಮ್ಯಾಲೆ ಎಷ್ಟ್ ಎಳದ್ರೂ ಜಾರತೈತಿ ಅಷ್ಟ."

ಸೆರಗಿನಿಂದ ಒರೆಸಿ ಕೊಟ್ಟಳು. ಕಡ್ಡಿ ಹಾಲಿನ ಹಾಗೆ ಬೆಳ್ಳಗಿತ್ತು.

ಹಾಲೇಶ ಅವನ್ನು ಮತ್ತೆ ಮರದ ತುಂಡಿಗೆ ಸಿಕ್ಕಿಸಿ, ಚಾಕುವನ್ನು ಹಗುರಾಗಿ ಹತ್ತು ಸಲ ಎಳೆದ. ಹೊಸ ಹಣ್ಣಿನ ಮೇಲೆ ಚಾಕು ಇಟ್ಟ. ಒತ್ತುವ ಮೊದಲೇ ಹಣ್ಣು ಎರಡಾಯಿತು. ಉಳಿದೆರಡು ಚಾಕುಗಳನ್ನೂ ಮಸೆದ. ಅವೂ ಕೊಯ್ದವು.

"ಮೂರೂ ಚಲೋ ಚಾಕು ಅದಾವ" ಎಂದು ಸಾವಂತ್ರವ್ವ ತನ್ನದನ್ನು ಎತ್ತಿಕೊಂಡು ಒಳಗೆ ಹೋದಳು.

ಹಾಲೇಶ ನಕ್ಕ. ಗುರುಗಳು ನಗಲಿಲ್ಲ. ನಳದ ಬುಡದಲ್ಲಿ ನಿಂತಿದ್ದ ಕಪ್ಪು ನೀರನ್ನೇ ನೋಡುತ್ತಿದ್ದರು.

"ಹಾಲೇಶಾ, ನಿನ್ನ ಜೋಡಿ ಬಂದಿದ್ದ ಇಬ್ಬರು ಹೋದ ವರ್ಷ ಬಿಟ್ಟು ಹೋದ್ರಲ್ಲ. ಹೋಗುವಾಗ ಏನಂದ್ರು?"

"ನಮ್ಮ ಬುದ್ಧಿ ಮೊಂಡ ಐತಿ ಅಂದ್ರು."

"ಅದಕ್ಕ ನಾ ಏನಂದೆ?"

"ಹೌದು ಅಂದ್ರಿ."

ಗುರುಗಳು ತೊಳೆದ ಕಡ್ಡಿಯನ್ನು ಮುಟ್ಟಿ, "ಚಾಕು ಮೂರೂ ಚಲೋನ ಇದ್ದವು" ಎಂದರು.

ಹಾಲೇಶನಿಗೆ ಗಲಿಬಿಲಿಯಾಯಿತು. ಚಾಕು ಹರಿತವಾಗಿದೆ, ಹೇಳಿದ ಕೆಲಸ ಮುಗಿದಿದೆ. ಮತ್ತೆ ಗುರುಗಳ ಮುಖ ಯಾಕೆ ಬಾಡಿತು? ಅವನು ಗಂಟು ಎತ್ತಿಕೊಂಡ. ಕೆಳಗಿಟ್ಟ. ಮತ್ತೆ ಎತ್ತಿಕೊಂಡ.

"ನಾ ಹೋಗ್ಲೇನ್ರಿ, ಇರ್ಲೇನ್ರಿ?"

"ನಾಳೆ ಮುಂಜಾನೆ ಪಾಠ ಐತಿ. ಕೇಳವರ ಸಾಲಿನಾಗ ನನಗೂ ಒಂದು ಚಾಪಿ ಹಾಸು."

"ನೀವು ಅಲ್ಲಿ ಕುಂತ್ರ, ಪಾಠ ಹೇಳವರು ಯಾರ್ರಿ ಅಜ್ಜಾರ?"

"ಅದು ನನಗೂ ಗೊತ್ತಿಲ್ಲಪಾ. ನೀ ಮೊದಲು ಚಾಪಿ ಹಾಸು."