ಎರಡು ಚಮಚ ಸಾರಿನ ಮೀನು

ತುಂಗಭದ್ರೆಯ ದಂಡೆಯಲ್ಲಿ ಒಂದು ತಗಡಿನ ಸೂರಿತ್ತು. ಜನ ಅದನ್ನು ಆಶ್ರಮ ಎನ್ನುತ್ತಿದ್ದರು. ಮಾಳಿಂಗಜ್ಜ ಅದರೊಳಗೆ ಮಲಗುತ್ತಿದ್ದ, ಎದುರಿನ ಬಂಡೆಯ ಮೇಲೆ ಕೂತು ಗಾಳ ಹಾಕುತ್ತಿದ್ದ.

ಜ್ಞಾನ ಬೇಕೆಂದು ಬಂದವರಲ್ಲಿ ಅರ್ಧ ಜನ ಗುರು ಮೀನು ಹಿಡಿಯುವುದನ್ನು ಕಂಡು ಬಂದ ದಾರಿ ಹಿಡಿಯುತ್ತಿದ್ದರು. ಉಳಿದವರು ಅದರಲ್ಲೂ ಏನೋ ಗೂಢಾರ್ಥ ಕಂಡು ಕೈಮುಗಿಯುತ್ತಿದ್ದರು. ಅಜ್ಜನಿಗೆ ಬೇಕಾದದ್ದು ಮಧ್ಯಾಹ್ನದ ಸಾರು.

ಯಮನೂರಪ್ಪ ಎರಡೂ ಗುಂಪಿಗೆ ಸೇರಿದವನಲ್ಲ. ಪೇಟೆಯಲ್ಲಿ ಹೆಂಗಸರ ಜಂಪರು, ರವಿಕೆ ಹೊಲಿಯುವ ದರ್ಜಿ. ಅಂಗಡಿಗೆ ರಜೆ ಇದ್ದಾಗಲೆಲ್ಲ ಬಂದು ಅಜ್ಜನ ಪಕ್ಕ ಕೂರುತ್ತಿದ್ದ. ಇಷ್ಟು ವರ್ಷ ಕೂತು ಏನು ಕಲಿತೆ ಎಂದು ಕೇಳಿದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವನ ಹೆಗಲ ಮೇಲೆ ಆಳೆತ್ತರ ಮೀರಿದ ಕೋಲಿತ್ತು. ಕೋಲಿಗೆ ಬಾವಿ ಸೇದುವ ಹಗ್ಗವೇ ಅನ್ನಿಸುವ ದಪ್ಪ ದಾರ. ತುದಿಯಲ್ಲಿ ನಡುಬೆರಳಿನಷ್ಟು ದೊಡ್ಡ ಕೊಕ್ಕೆ.

"ಯಾರರ ಬಾವ್ಯಾಗ ಬಿದ್ದಾರೇನು?" ಎಂದ ಅಜ್ಜ.

"ಹುಲಿಗೆವ್ವ ಮೀನಿನ ಸಾರು ಕೇಳ್ಯಾಳ್ರಿ ಅಜ್ಜಾರ."

ಹುಲಿಗೆವ್ವ ಅವನ ಹೆಂಡತಿ. ಹೊಟ್ಟೆಯಲ್ಲಿ ಗಡ್ಡೆ ಬೆಳೆದು ಮಳೆಗಾಲದಿಂದ ಹಾಸಿಗೆ ಹಿಡಿದಿದ್ದಳು.

"ಡಾಕ್ಟರು ಏನಂದ್ರು?"

"ಮನೀಗೆ ಕರಕೊಂಡು ಹೋಗ್ರಿ, ಬೇಕಂದಿದ್ದು ಕೊಡ್ರಿ ಅಂದ್ರು." ಯಮನೂರಪ್ಪನ ಮುಖದಲ್ಲಿ ಗೆಲುವಿತ್ತು. "ಪಥ್ಯ ಬಿಡಿಸ್ಯಾರ ಅಂದ್ರ ಗುಣ ಆದಂಗ ಅಲ್ರಿ?"

ಅಜ್ಜ ನೀರಿನ ಕಡೆ ನೋಡಿದ.

ಇಬ್ಬರೂ ಕೂತರು. ಅಜ್ಜನದು ಬೆರಳಷ್ಟೇ ದಪ್ಪದ ಬಿದಿರ ಕಡ್ಡಿ, ಕೂದಲಿನಂಥ ದಾರ, ಅಕ್ಕಿಕಾಳಿನಷ್ಟು ಕೊಕ್ಕೆ, ನೀರ ಮೇಲೆ ತೇಲಲು ಜೋಳದ ದಂಟಿನ ಬೆಂಡು. ಬೆಂಡು ಅಲುಗಿದಾಗೊಮ್ಮೆ ಮಣಿಕಟ್ಟು ತುಸು ಎತ್ತುತ್ತಿದ್ದ. ಬೆರಳುದ್ದದ ಮೀನು ಬುಟ್ಟಿ ಸೇರುತ್ತಿತ್ತು.

ಅವೇ ಮೀನುಗಳು ಯಮನೂರಪ್ಪನ ಕೊಕ್ಕೆಯ ಸುತ್ತ ನೆರೆದು ಎರೆಹುಳ ಕಿತ್ತು ತಿಂದು ಹೋಗುತ್ತಿದ್ದವು. ಅವನು ಹುಳ ಚುಚ್ಚಿದ್ದೇ ಚುಚ್ಚಿದ್ದು.

ಹೊತ್ತು ಏರಿತು. ಅಜ್ಜ ತನ್ನ ಬುಟ್ಟಿಯನ್ನು ಅವನ ಕಡೆ ಸರಿಸಿದ. "ಒಯ್ಯಿ."

"ಇವನ್ನೇನ್ರಿ? ಬೆಕ್ಕಿಗೂ ಸಾಲಂಗಿಲ್ಲ. ನಮ್ಮಾಕಿ ಒಬ್ಬಾಕೀನ ಒಂದು ದೊಡ್ಡ ಬಾಳೆಮೀನು ಮುಗಸ್ತಾಳ್ರಿ. ತಲೀನೂ ಬಿಡಂಗಿಲ್ಲ."

"ಯಾವಾಗ ಮುಗಿಸಿದ್ಲು?"

"ಹ್ವಾದ ವರ್ಷ."

"ನಿನ್ನೆ ಏನು ತಿಂದ್ಲು?"

"ಗಂಜಿ."

"ಎಷ್ಟು?"

ಯಮನೂರಪ್ಪ ಕೊಕ್ಕೆಗೆ ಇನ್ನೊಂದು ಹುಳ ಚುಚ್ಚಿದ. "ಎರಡು ಚಮಚ."

"ಹೊಟ್ಟ್ಯಾಗ ನಿಂತ್ವೇನು?"

"ಒಂದು ನಿಂತಿತ್ರಿ."

"ಗೋಣಿಚೀಲದ ದಾರ ಹಾಕಿ ಜಂಪರ್ ಹೊಲೀತಿ ಏನು?"

"ಜಂಪರ್ ಮಾತು ಬ್ಯಾರೆ." ದರ್ಜಿಯ ದನಿ ಗಡುಸಾಯಿತು. "ಇಷ್ಟಿಷ್ಟು ಮೀನು ಒಯ್ದು ಮುಂದಿಟ್ರ ಆಕಿ ಏನು ತಿಳಕೋಬೇಕ್ರಿ? ನಾ ಇನ್ನ ಇಷ್ಟ ಉಳದೀನಿ ಅಂತ ನನ್ನ ಗಂಡಗೂ ಗೊತ್ತಾತು ಅನ್ನಂಗಿಲ್ಲೇನು?"

"ಆಕೀಗೆ ಗೊತ್ತಿಲ್ಲಂತ ತಿಳಕೊಂಡೀ ಏನು?"

ಯಮನೂರಪ್ಪ ಎದ್ದ. ಕೋಲು ಎತ್ತಿಕೊಂಡು ಕೆಳಗಿನ ಮಡುವಿನತ್ತ ನಡೆದ. ಅಜ್ಜನಿಗೆ ಅವನು ಬೆನ್ನು ತಿರುಗಿಸಿದ್ದು ಅದೇ ಮೊದಲು.

ಇಂಥ ಕಥೆಗಳಲ್ಲಿ ಇಂಥವನಿಗೆ ಮೀನು ಸಿಗಬಾರದು. ಸಿಕ್ಕಿತು. ತೊಡೆಯಷ್ಟು ದಪ್ಪದ ಬಾಳೆಮೀನು. ಎಳೆದು ಎಳೆದು ಅವನ ಎರಡೂ ಅಂಗೈ ಹರಿದಿದ್ದವು.

ಹೊತ್ತು ಮುಳುಗುವ ಮುಂಚೆ ಅದನ್ನು ಹೆಗಲ ಮೇಲೆ ಹೊತ್ತು ಅಜ್ಜನ ಮುಂದೆಯೇ ಹಾದುಹೋದ.

"ನೋಡಿದ್ರಿ?"

"ನೋಡಿದೆ. ಚಲೋ ಮೀನು."

ಮರುದಿನ ಅವನು ಬರಲಿಲ್ಲ. ಅದರಾಚೆಯ ದಿನ ಬೆಳಕು ಹರಿಯುವಾಗ ಬಂದ, ಬರಿಗೈಯಲ್ಲಿ. ಕೂತ. ಕೇಳದಿದ್ದರೂ ತಾನಾಗಿ ಹೇಳಿದ.

"ಓಣಿ ಮಂದೆಲ್ಲ ಬಂದ್ರು ಅಜ್ಜಾರ. ಒಬ್ಬರು ಖಾರ ಅರದ್ರು, ಒಬ್ಬರು ಮೀನು ಕೊಯ್ದ್ರು. ದೊಡ್ಡ ಬೋಗಾಣಿ ತುಂಬ ಸಾರು. ಎಲ್ಲಾರೂ ಉಂಡ್ರು. ಇಂಥಾ ಮೀನು ಈ ಓಣ್ಯಾಗ ಯಾರೂ ತಂದಿಲ್ಲ ಅಂದ್ರು."

"ಆಕಿ?"

"ವಾಸನಿಗೇ ವಾಂತಿ ಆತು. ಕುಡದಿದ್ದ ನೀರೂ ಹೊರಗ ಬಂತು. ಗ್ವಾಡಿ ಕಡೆ ಹೊಳ್ಳಿ ಮಲಗಿದ್ಲು. ಕೈ ತೊಳಕೊಂಡು ಮಂದಿ ಹೋದ ಮ್ಯಾಲೆ ನನ್ನ ಕರದ್ಲು." ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ನನ್ನ ತಿಥಿ ಊಟ ಈಗ ಮುಗಿಸಿದಿ ಏನು, ಅಂದ್ಲು. ನಕ್ಕಳ್ರಿ."

ಬೇರೆ ಹೊತ್ತಾಗಿದ್ದರೆ ಅಜ್ಜನೂ ನಗುತ್ತಿದ್ದನೇನೋ.

ಒಂದು ಮಿಂಚುಳ್ಳಿ ನೀರಿಗೆ ಬಿದ್ದು ಎದ್ದು ಹೋಯಿತು.

"ಹಗುರನ ಕೋಲು ಕೊಡ್ರಿ," ಎಂದ ಯಮನೂರಪ್ಪ.

ಅಜ್ಜ ಒಂದು ಬಿದಿರ ಕಡ್ಡಿ ಕೊಟ್ಟ. ಆಮೇಲೆ ತಗಡಿನ ಡಬ್ಬಿ ತೆರೆದು ನೈಲಾನ್ ದಾರದ ಸುರುಳಿಗಳನ್ನು ಮುಂದಿಟ್ಟ. "ಆರಿಸ್ಕೊ."

ದರ್ಜಿಯ ಬೆರಳಿಗೆ ದಾರದ ದಪ್ಪ ತಿಳಿಯಲು ಕಣ್ಣು ಬೇಕಿಲ್ಲ. ಅವನು ನಡುವಿನ ದಪ್ಪದ ಸುರುಳಿಯನ್ನು ತೆಗೆದುಕೊಂಡ. ಯಮನೂರಪ್ಪ ಸ್ವಲ್ಪ ಹೊತ್ತು ಅದನ್ನು ಕೈಯಲ್ಲಿ ಹಿಡಿದಿದ್ದ. ಮತ್ತೆ ಡಬ್ಬಿಯಲ್ಲಿಟ್ಟು ಎಲ್ಲಕ್ಕಿಂತ ತೆಳ್ಳಗಿನದನ್ನು ಎತ್ತಿಕೊಂಡ. ಎಲ್ಲಕ್ಕಿಂತ ಸಣ್ಣ ಕೊಕ್ಕೆಯನ್ನು ತಾನೇ ಕಟ್ಟಿದ.

ಬೆಂಡು ಮುಳುಗಿತು. ಅವನು ಹಳೇ ಜೋರಿನಲ್ಲೇ ಎಳೆದ. ದಾರ ಹರಿದು ಗಾಳಿಯಲ್ಲಿ ತೇಲಿತು.

"ನಿನ್ನ ತೋಳು ಇನ್ನೂ ಆ ದೊಡ್ಡ ಮೀನನ್ನ ಬಿಟ್ಟಿಲ್ಲ," ಎಂದ ಅಜ್ಜ.

ಯಮನೂರಪ್ಪ ಮತ್ತೊಂದು ಕೊಕ್ಕೆ ಕಟ್ಟಿದ. ಈ ಸಲ ಮಣಿಕಟ್ಟಷ್ಟೇ ಎತ್ತಿದ. ಬೆರಳುದ್ದದ ಒಂದು ಮೀನು ದಂಡೆಗೆ ಬಂತು. ಅದನ್ನು ಎಲೆಯಲ್ಲಿ ಸುತ್ತಿಟ್ಟ.

"ಇನ್ನೊಂದು ಹಿಡಿ," ಎಂದ ಅಜ್ಜ. "ಖಾರ ಹಾಕಬ್ಯಾಡ. ಉಪ್ಪು, ಒಂದೀಟು ಹುಣಸಿ. ಬಟ್ಟ್ಯಾಗ ಸೋಸಿ ಕೊಡು."

"ಹೂಂ ರೀ."

ಬೆಂಡು ಮತ್ತೆ ಮುಳುಗಿತು. ದಾರ ಬಿಗಿಯಿತು, ಕಡ್ಡಿ ಬಾಗಿತು. ಯಮನೂರಪ್ಪ ನೀರನ್ನು ನೋಡುತ್ತಿರಲಿಲ್ಲ, ಹುಲಿಗೆವ್ವ ಮಲಗಿದ್ದ ಪೇಟೆಯ ಕಡೆ ನೋಡುತ್ತಿದ್ದ.

"ಅಜ್ಜಾರ, ಇದು ಹರದ್ರ?"

"ಹರೀತೈತಿ," ಎಂದ ಅಜ್ಜ. "ಅಲ್ಲೀತನಕ ಜಗ್ಗಬ್ಯಾಡ."